ಬಾಗಿಲ ಬಳಿಯ ಹಣ್ಣು

ಹಣ್ಣಿಗೂ ಚಳಿಯಾಗುತ್ತದೆ ಎಂದರೆ ನಗುವವರೇ ಹೆಚ್ಚು. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟು, ಮೂರನೇ ದಿನ ಸಿಪ್ಪೆ ಕಪ್ಪಾದಾಗ ಅಂಗಡಿಯವನನ್ನು ಬೈಯುವ ಜನ ನಾವು. ಬಿಸಿಲಲ್ಲಿ ಹುಟ್ಟಿ ಬಿಸಿಲಲ್ಲೇ ಬಲಿತ ಹಣ್ಣನ್ನು ಅಳತೆ ಮೀರಿದ ಚಳಿಗೆ ತಳ್ಳಿದರೆ ಅದು ಒಳಗೊಳಗೇ ನರಳುತ್ತದೆ. ಆದರೆ ಮಾವಿನಹಣ್ಣು ಚಳಿಯಲ್ಲಿ ಇರುವಷ್ಟು ದಿನ ತುಟಿ ಪಿಟಕ್ಕೆನ್ನುವುದಿಲ್ಲ. ಹೊರಗೆ ತಂದು ನಾಲ್ಕು ದಿನ ಬೆಚ್ಚಗಿಟ್ಟ ಮೇಲೆ ಸಿಪ್ಪೆಯ ಮೇಲೆ ಬೂದು ಕಲೆ ಏಳುತ್ತದೆ, ಅಲ್ಲಲ್ಲಿ ಗುಳಿ ಬೀಳುತ್ತದೆ, ಹಣ್ಣಾಗಬೇಕಾದದ್ದು ಹಣ್ಣಾಗದೆ ಹಾಗೇ ಕೊಳೆಯುತ್ತದೆ. ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಇಪ್ಪತ್ತೊಂದು ವರ್ಷದಿಂದ ತಲೆ ತಿನ್ನುತ್ತಿದ್ದವಳು ಡಿಗ್ರಿ ಅಕ್ಕ.

ಡಿಗ್ರಿ ಅಕ್ಕ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಅವಳ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ ಮಾವಿನಹಣ್ಣಿನ ಹೊಟ್ಟೆಗೆ ಸೂಜಿಯಂಥ ಥರ್ಮಾಮೀಟರು ಚುಚ್ಚಿ, ಒಳಗೆ ಎಷ್ಟು ಡಿಗ್ರಿ ಇದೆ ಎಂದು ಓದಿ ಚೀಟಿಯಲ್ಲಿ ಬರೆಯುವುದು. ಹಡಗಿನಲ್ಲಿ ಹದಿನೆಂಟು ದಿನ ಹೋಗಬೇಕಾದ ಕಾಯಿಗೆ ಹದಿಮೂರು ಡಿಗ್ರಿ ಇರಬೇಕು. ಮೇಲಾದರೆ ದಾರಿಯಲ್ಲೇ ಹಣ್ಣಾಗುತ್ತದೆ, ತೀರ ಕೆಳಗಾದರೆ ಚಳಿ ಹೊಡೆಯುತ್ತದೆ. ಪ್ಯಾಕಿಂಗಿನ ಹೆಂಗಸರು ಅವಳಿಗೆ ಆ ಹೆಸರಿಟ್ಟರು, ಅವಳೂ ಬೇಡ ಎನ್ನಲಿಲ್ಲ. ಕರೆಯುವವರಿದ್ದರೆ ಸಾಕು, ಏನೆಂದು ಕರೆದರೇನು?

ಯಾಕೆಂದರೆ ಕರೆಯುವವರು ಅಷ್ಟೊಂದೇನೂ ಇರಲಿಲ್ಲ. ನಲವತ್ತಾರು ದಾಟಿದ್ದಳು, ಮದುವೆ ಆಗಿರಲಿಲ್ಲ. ದೂರದ ಊರಿನ ಅಕ್ಕ ಭಾನುವಾರ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು, ಮತ್ತೇನು, ಏನಿಲ್ಲ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೆಲಸದ ಜೊತೆಗೆ ಸಿಕ್ಕಿದ್ದು ಕಟ್ಟಡದ ಹಿಂಬದಿಯ ಒಂದು ಕೋಣೆ. ಒಂದು ಮಂಚ, ಒಂದು ಒಲೆ, ಕಿಟಕಿಗೊಂದು ಅಗಲವಾದ ಕಟ್ಟೆ. ಅಂಗಡಿಯವನು ಬಿಡಿಯಾಗಿ ಕೊಡುವುದಿಲ್ಲ ಎಂದನೆಂದು ತಟ್ಟೆ ಎರಡು ತಂದಿದ್ದಳು. ಎರಡನೆಯದರ ಮೇಲಿನ ಚೀಟಿ ಆರು ವರ್ಷವಾದರೂ ಕಿತ್ತಿರಲಿಲ್ಲ.

ಆ ಕಿಟಕಿಕಟ್ಟೆಯ ಮೇಲೆ ಅವಳ ಸಾಕ್ಷಿಗಳು ಕೂರುತ್ತಿದ್ದವು. ಹೊರಟ ಪ್ರತಿ ಸರಕಿನ ಲಾಟಿನಿಂದ ನಾಲ್ಕು ಹಣ್ಣು ತೆಗೆದಿಟ್ಟುಕೊಂಡು, ಅವು ಬೆಚ್ಚಗಿನ ಗಾಳಿಯಲ್ಲಿ ಹೇಗಾಗುತ್ತವೆ ಎಂದು ದಿನವೂ ನೋಡುವುದು ಅವಳೇ ಮಾಡಿಕೊಂಡ ಪದ್ಧತಿ. ಇಲ್ಲಿ ಸರಿಯಾಗಿ ಹಣ್ಣಾದರೆ ಹಡಗಿನಲ್ಲಿ ಹೋದದ್ದೂ ಸರಿಯಾಗಿರುತ್ತದೆ ಎಂಬ ಧೈರ್ಯ. ಬೆಳಿಗ್ಗೆ ಎದ್ದು ಅವಕ್ಕೆ "ಏನಪ್ಪಾ, ಹೇಗಿದೀರಿ?" ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ನಾಚಿಕೆಯ ಪ್ರಶ್ನೆಯೇ ಇರಲಿಲ್ಲ.

ಹೋದ ವರ್ಷದವರೆಗೆ ಅವಳಿಗೆ ಮಾತಾಡಲು ಒಬ್ಬ ಮನುಷ್ಯನೂ ಇದ್ದ. ಎಲ್ಲರೂ ಯಂತ್ರದಣ್ಣ ಎನ್ನುತ್ತಿದ್ದ ಅವನು ತಣ್ಣಗೆ ಮಾಡುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಹತ್ತೊಂಬತ್ತು ವರ್ಷ, ದಿನವೂ ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ, ಎರಡು ಲೋಟ ಟೀ ಹಿಡಿದು ಯಂತ್ರದ ಕೋಣೆಯ ಹೊರಗೆ ಬಂದು ಒಂದು ಕ್ರೇಟು ಬೋರಲು ಹಾಕಿ ಕೂರುತ್ತಿದ್ದ. ಅವಳು ಇನ್ನೊಂದು ಕ್ರೇಟಿನ ಮೇಲೆ. ಚಳಿಕೋಣೆಯಿಂದ ಬಂದ ಅವಳ ಬೆರಳು ಲೋಟದ ಬಿಸಿಗೆ ಚುರುಗುಟ್ಟುತ್ತಿದ್ದವು. ಘನವಾದ ಮಾತೇನೂ ಇಲ್ಲ. ಅವನ ಹೆಂಡತಿಯ ಮೊಣಕಾಲು ನೋವು, ಸೊಸೆಯ ಮೊಬೈಲು, ಧಣಿಯ ಕಾರಿನ ಹಾರ್ನು. ಅವನು ಅವಳನ್ನು ತಂಗಿ ಎನ್ನುತ್ತಿದ್ದ. ಆ ಕಾಲು ಗಂಟೆ ತನಗೆ ಎಷ್ಟು ಬೇಕಿತ್ತು ಎನ್ನುವುದು ಅದು ಇಲ್ಲವಾಗುವವರೆಗೆ ಅವಳಿಗೆ ತಿಳಿದಿರಲಿಲ್ಲ.

ಇಲ್ಲವಾದದ್ದು ಹೀಗೆ. ಹೋದ ವರ್ಷ ಮೊದಲ ಸಲ ದೂರದ ಹಡಗಿಗೆ ಹಣ್ಣು ಹೋಯಿತು. ಅತ್ತ ಪೆಟ್ಟಿಗೆ ಬಿಚ್ಚಿ ಮೂರು ದಿನ ಇಟ್ಟರೆ ಮುಕ್ಕಾಲು ಪಾಲು ಹಣ್ಣು ಬೂದುಗಟ್ಟಿ ಕೂತಿತ್ತು. ಫೋಟೋ ಬಂದಾಗ ಧಣಿ ಪ್ಯಾಕಿಂಗ್ ಶೆಡ್ಡಿನ ನಡುವೆ, ಎಲ್ಲರೆದುರಿಗೆ, ಇಬ್ಬರನ್ನೂ ನಿಲ್ಲಿಸಿ ಕೇಳಿದ. ಅವಳ ಚೀಟಿಯಲ್ಲಿ ಹಣ್ಣು ಹದಿಮೂರು ಎಂದಿತ್ತು. ಯಂತ್ರದ ಪುಸ್ತಕದಲ್ಲಿ ಕೋಣೆಯ ಗಾಳಿಯನ್ನು ಏಳಕ್ಕೆ ಇಳಿಸಿದ ದಾಖಲೆ ಇತ್ತು.

"ನಾನು ಹೇಳಿದ್ದು ಹದಿಮೂರು," ಎಂದಳು ಡಿಗ್ರಿ ಅಕ್ಕ. ಅದು ನಿಜವೇ. ಅವಳ ಹಣ್ಣು ಹಾಳಾಗಿತ್ತು, ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

ಯಂತ್ರದಣ್ಣ ಅವಳ ಮುಖ ನೋಡಿದ. ಧಣಿ "ಏನಯ್ಯಾ, ನಿದ್ದೆ ಹೊಡೀತಿದ್ಯಾ?" ಎಂದಾಗಲೂ ಬಾಯಿ ಬಿಡಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಹೋದ. ತಪ್ಪಿಲ್ಲದಿದ್ದರೆ ಯಾರಾದರೂ ಹಾಗೆ ಹೋಗುತ್ತಾರೆಯೇ ಎಂದು ಹೆಂಗಸರು ಮಾತಾಡಿಕೊಂಡರು. ಅವಳೂ ಹಾಗೇ ಅಂದುಕೊಂಡಳು. ತಾನು ಹೋದ ಮೇಲೆ ಅವನು ಯಂತ್ರವನ್ನು ಇಳಿಸಿಟ್ಟು ಮಲಗಿಬಿಟ್ಟಿರಬೇಕು ಎಂದು ಒಂದು ವರ್ಷ ಅವನ ಮೇಲೆ ಮುಖ ಗಂಟಿಕ್ಕಿಕೊಂಡೇ ಇದ್ದಳು, ಒಬ್ಬಳೇ, ಅದನ್ನು ನೋಡುವವರಿಲ್ಲದ ಕೋಣೆಯಲ್ಲಿ.

ಅವನ ಜಾಗಕ್ಕೆ ಬಂದ ಹೊಸ ಆಪರೇಟರ್ ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ತಾನು ಗುನುಗುವ ಆಸಾಮಿ. ಟೀ ಕುಡಿಯುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಡಿಗ್ರಿ ಅಕ್ಕ ಹೊರಬಂದು ಗೋಡೆಗೆ ಒರಗಿ ನಿಂತು, ಲೋಟ ಬೇಗ ಬೇಗ ಖಾಲಿ ಮಾಡಿ ಒಳಗೆ ಹೋಗುತ್ತಿದ್ದಳು. ಕೂತರೆ ಪಕ್ಕದ ಜಾಗ ಕಾಣುತ್ತಿತ್ತು.

ಈ ವರ್ಷ ಅವಳು ಹಟ ಹಿಡಿದಳು. ಹಣ್ಣನ್ನು ಒಂದೇ ಏಟಿಗೆ ಇಳಿಸುವುದು ಬೇಡ, ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆಯೋಣ, ಒಂದು ದಿನ ಇಪ್ಪತ್ತು, ಮರುದಿನ ಹದಿನಾರು, ಆಮೇಲೆ ಹದಿಮೂರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಚಳಿಗೆ ಒಗ್ಗಿಸೋಣ ಎಂದು ಧಣಿಯ ಬೆನ್ನು ಬಿದ್ದಳು. ಹೋದ ವರ್ಷ ಕೈ ಸುಟ್ಟುಕೊಂಡಿದ್ದ ಧಣಿ ಒಪ್ಪಿದ. ಅಷ್ಟೇ ಅಲ್ಲ, ಅತ್ತಲಿನ ಖರೀದಿದಾರರು ಕೇಳಿದರೆಂದು ಎಂಟು ಉದ್ದನೆಯ ತಂತಿ ಥರ್ಮಾಮೀಟರು ತರಿಸಿಕೊಟ್ಟ. ಕೋಣೆ ತುಂಬುವಾಗಲೇ ಎಂಟು ಕಡೆಯ ಹಣ್ಣಿಗೆ ಚುಚ್ಚಿ, ತಂತಿಗಳನ್ನು ಹೊರಗೆ ಎಳೆದು, ಬಾಗಿಲ ಪಕ್ಕದ ಪುಟ್ಟ ಪರದೆಯಲ್ಲಿ ಓದುವ ಏರ್ಪಾಡು.

ಮೊದಲ ಕೋಣೆ ಹಳೆಯ ರೀತಿಯಲ್ಲೇ ತುಂಬಿತು, ಕ್ರೇಟಿಗೆ ಕ್ರೇಟು ಒತ್ತಿ ಮೇಲ್ಛಾವಣಿ ಮುಟ್ಟುವವರೆಗೆ. ಮೆಟ್ಟಿಲಿಳಿಸಿ ಮೂರನೇ ದಿನ ಮಧ್ಯಾಹ್ನ ಅವಳು ಅಭ್ಯಾಸಬಲದಿಂದ ಬಾಗಿಲ ಬಳಿಯ ಸಾಲಿನಿಂದ ಒಂದು ಹಣ್ಣು ತೆಗೆದು ತನ್ನ ಹಳೆಯ ಸೂಜಿ ಚುಚ್ಚಿದಳು. ಹದಿನೈದು. ಇನ್ನೂ ಇಳಿದಿಲ್ಲವಲ್ಲ ಎಂದು ಹೊಸ ಆಪರೇಟರಿಗೆ "ಇನ್ನೆರಡು ಇಳಿಸಪ್ಪಾ" ಎಂದು ಕೂಗಿದಳು. ಸಂಜೆ ಮತ್ತೆ ನೋಡಿದರೆ ಹದಿನಾಲ್ಕೂವರೆ. "ಇನ್ನೆರಡು." ಮಲಗುವ ಮುಂಚೆ ಮತ್ತೊಮ್ಮೆ, "ಇನ್ನೆರಡು." ಮರುದಿನ ಬೆಳಿಗ್ಗೆ ಬಾಗಿಲ ಹಣ್ಣು ಹದಿಮೂರಕ್ಕೆ ಬಂದಾಗ ಸಮಾಧಾನವಾಯಿತು. ಚೀಟಿ ಬರೆದು, ಸುಮ್ಮನೆ, ಹೊಸ ಸಾಮಾನು ಹೇಗಿದೆ ನೋಡೋಣವೆಂದು ಪರದೆ ಒತ್ತಿದಳು.

ಬಾಗಿಲು, ಹದಿಮೂರು. ನಡುವೆ, ಹನ್ನೊಂದು. ಹಿಂದೆ, ಫ್ಯಾನಿನ ಬಳಿ, ಏಳೂವರೆ.

ತಂತಿ ಕೆಟ್ಟಿದೆ ಎಂದುಕೊಂಡಳು. ಹಿಂದಿನ ಇನ್ನೊಂದು ತಂತಿಯ ಗುಂಡಿ ಒತ್ತಿದಳು. ಏಳು. ತಂತಿ ಕೆಟ್ಟಿರಲಿಲ್ಲ. ಗಳಿಗೆಗೊಮ್ಮೆ ತೆರೆದು ಮುಚ್ಚುವ ಬಾಗಿಲ ಬಳಿ ಹಣ್ಣು ಬೆಚ್ಚಗಿರುತ್ತದೆ, ತಣ್ಣನೆಯ ಗಾಳಿಯನ್ನು ಮೊದಲು ತಿನ್ನುವುದು ಹಿಂದಿನ ಸಾಲು. ತುಂಬಿದ ಕೋಣೆಯಲ್ಲಿ ಹಿಂದಕ್ಕೆ ಹೋಗಲು ಜಾಗವಿಲ್ಲ ಎಂದು ಇಪ್ಪತ್ತೊಂದು ವರ್ಷ ಅವಳು ಚುಚ್ಚಿದ್ದು ಬಾಗಿಲ ಬಳಿಯ ಹಣ್ಣನ್ನೇ. ನಾಲ್ಕು ದಿನದ ಹತ್ತಿರದ ಊರುಗಳಿಗೆ ಹೋಗುವಾಗ ಅದು ನಡೆದುಹೋಗುತ್ತಿತ್ತು. ಸಾಕ್ಷಿಗೆಂದು ತೆಗೆದಿಟ್ಟುಕೊಂಡದ್ದೂ ಬಾಗಿಲ ಬಳಿಯದ್ದೇ, ಅದಕ್ಕೇ ಅವು ಯಾವತ್ತೂ ಚೆನ್ನಾಗಿ ಹಣ್ಣಾಗುತ್ತಿದ್ದವು. ಹೋದ ವರ್ಷವೂ ಅವಳು "ಇನ್ನೆರಡು ಇಳಿಸಿ" ಎಂದಿದ್ದಳು. ಒಂದು ಸಲವಲ್ಲ, ಮೂರು ಸಲ, ಎಲ್ಲ ಸೇರಿ ಎಷ್ಟಾಯಿತು ಎಂದು ಕೂಡಿ ನೋಡದೆ. ಯಂತ್ರದ ಪುಸ್ತಕದ ಏಳು ಯಂತ್ರದಣ್ಣನದಾಗಿರಲಿಲ್ಲ, ಅವಳದು.

ಯಂತ್ರವನ್ನು ಕೂಡಲೇ ಮೇಲಕ್ಕೆ ಏರಿಸಿದಳು. ಕೋಣೆ ಖಾಲಿ ಮಾಡಿಸಿ, ಚಳಿ ತಿಂದ ಹಿಂದಿನ ಸಾಲನ್ನು ಹಡಗಿಗೆ ಬೇಡವೆಂದು ಬೇರೆ ಇಡಿಸಿ, ಉಳಿದ ಕ್ರೇಟುಗಳ ನಡುವೆ ಒಂದು ಗೇಣು ಸಂದು ಬಿಟ್ಟು, ಫ್ಯಾನಿನ ಮುಂದೆ ಓಣಿ ಬಿಟ್ಟು ಮತ್ತೆ ಜೋಡಿಸಿದಳು. ಆಳುಗಳು ಗೊಣಗಿದರು. ಎರಡು ದಿನದಲ್ಲಿ ಎಂಟೂ ತಂತಿ ಹದಿಮೂರರ ಆಸುಪಾಸಿಗೆ ಬಂದು ನಿಂತವು. ಕಿಟಕಿಕಟ್ಟೆಯ ಮೇಲೆ ಮಾತ್ರ ಈ ಸಲ ಎರಡು ಗುಂಪು. ಬಾಗಿಲ ಬಳಿಯ ನಾಲ್ಕು, ಹಿಂದೆ ಚಳಿ ತಿಂದ ನಾಲ್ಕು. ಆರನೇ ದಿನ ಬಾಗಿಲಿನವು ಹಳದಿಗೆ ತಿರುಗಿ ಕೋಣೆಯೆಲ್ಲ ಘಮ್ಮೆಂದಿತು. ಹಿಂದಿನವು ಹಾಗೇ ಹಸಿರಾಗಿ ಕೂತು ಮೈತುಂಬ ಬೂದುಗಲೆ ತೋರಿಸಿದವು. ಹೋದ ವರ್ಷದ ಫೋಟೋದಲ್ಲಿದ್ದದ್ದೇ ಕಲೆ.

ಈಗ ಅವಳ ಸಂಕಟ ನೋಡಿ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಪದ್ಧತಿ ಕಂಡುಹಿಡಿದಳು ಎಂದು ಧಣಿ ಬೆನ್ನು ತಟ್ಟುತ್ತಾನೆ. ಹೇಳಿದರೆ ಕೆಲಸ ಹೋಗಬಹುದು, ಕೆಲಸದ ಬೆನ್ನಿಗೇ ಈ ಕೋಣೆ. ಎರಡು ದಿನ ಅನ್ನ ಸೇರಲಿಲ್ಲ. ಆದರೆ ಭಯದ ಅಡಿಯಲ್ಲೇ ಒಂದು ಆಸೆಯೂ ತಲೆ ಎತ್ತಿತ್ತು, ಅದನ್ನು ಮುಚ್ಚಿಡುವುದೇಕೆ? ಅವನ ತಪ್ಪಿಲ್ಲವೆಂದಾದರೆ ಅವನು ವಾಪಸು ಬರಬಹುದು. ಮತ್ತೆ ಹನ್ನೊಂದು ಗಂಟೆ ಹನ್ನೊಂದು ಗಂಟೆಯಾಗಬಹುದು. ಅವಳಿಗೆ ಬೇಕಿದ್ದದ್ದು ಅದೊಂದೇ.

ಧಣಿಯ ಮುಂದೆ ಹೋಗಿ ನಿಂತಳು. "ಹೋದ ವರ್ಷದ ಹಣ್ಣು ಹಾಳಾಗಿದ್ದು ಯಂತ್ರದಣ್ಣನಿಂದ ಅಲ್ಲ. ನನ್ನಿಂದ."

ಧಣಿ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ಯಾರಿಂದಾದ್ರೇನಮ್ಮ? ಈ ವರ್ಷ ಸರಿಹೋಯ್ತಲ್ಲ."

"ಅವರ ಮೇಲೆ ತಪ್ಪು ಹೊರಿಸಿದ್ವಿ."

"ನಾನೆಲ್ಲಿ ಹೊರಿಸ್ದೆ? ಕೇಳ್ದೆ, ಅವನು ಮಾತಾಡ್ಲಿಲ್ಲ, ಹೋದ. ಹಳೇದನ್ನ ಈಗ ಕೆದಕಿ ನನ್ನ ತಲೆ ಕೆಡಿಸ್ಬೇಡ. ನೀನು ಹೋದ್ರೆ ಈ ತಂತಿಗಳನ್ನ ಯಾರು ಓದ್ತಾರೆ?"

ಇಷ್ಟಕ್ಕಾಗಿಯೇ ಎರಡು ದಿನ ಉಪವಾಸ ಬಿದ್ದೆನೇ ಎಂದು ಅವಳಿಗೆ ಅಳು ಬರುವಂತಾಯಿತು. "ಅವರನ್ನ ವಾಪಸ್ ಕರೀಲಾ?"

"ಕರಿ. ಈಗಿರೋನು ಮುಂದಿನ ತಿಂಗಳು ಬಿಡ್ತಾನಂತೆ. ಬಂದ್ರೆ ಒಳ್ಳೇದೇ."

ಹೋದ ವರ್ಷ ಅವನ ಮೇಲೆ ಮಾತು ಆಡಿದ್ದು ಎಲ್ಲರೆದುರು. ಹಾಗಾಗಿ ಟೀ ಹೊತ್ತಿಗೆ ಅವಳು ಪ್ಯಾಕಿಂಗ್ ಶೆಡ್ಡಿನ ನಡುವೆ ಹೋಗಿ ನಿಂತು, ಸುತ್ತಿ ಬಳಸದೆ, ತಾನು ಎಲ್ಲಿ ಚುಚ್ಚಿದ್ದೆ, ಏನು ಹೇಳಿದ್ದೆ, ತಪ್ಪು ಯಾರದು ಎಂದು ಹೇಳಿದಳು. ಗಳಿಗೆ ಹೊತ್ತು ಎಲ್ಲರ ಕೈ ನಿಂತಿತು. ಆಮೇಲೆ ಹಿರಿಯ ಹೆಂಗಸೊಬ್ಬಳು, ಹೋದ ವರ್ಷ ಯಂತ್ರದಣ್ಣನ ನಿದ್ದೆಯ ಕಥೆಗೆ ಉಪ್ಪು ಖಾರ ಹಚ್ಚಿ ಎಲ್ಲರಿಗಿಂತ ಹೆಚ್ಚು ಹಂಚಿದವಳು, "ನಾನು ಅವತ್ತೇ ಹೇಳಿದ್ದೆ, ಅವನು ಅಂಥೋನಲ್ಲ ಅಂತ," ಎಂದಳು. ಇನ್ನೊಬ್ಬಳು ಅಂಟುಪಟ್ಟಿ ಎಲ್ಲಿ ಎಂದು ಕೇಳಿದಳು. ಕೆಲಸ ಮುಂದುವರಿಯಿತು.

ಮರುದಿನ ರಜೆ. ಬಸ್ಸು ಹತ್ತಿ ಹನ್ನೆರಡನೇ ನಿಲ್ದಾಣದಲ್ಲಿ ಇಳಿದಳು. ಹತ್ತೊಂಬತ್ತು ವರ್ಷದಲ್ಲಿ ಅವನ ಮನೆಗೆ ಹೋಗಿರಲಿಲ್ಲ, ಔಷಧಿ ಅಂಗಡಿಯ ಎದುರು ಎನ್ನುವುದಷ್ಟೇ ಗೊತ್ತಿತ್ತು. ಮನೆಯ ಮುಂಭಾಗವೇ ಈಗ ಫ್ರಿಜ್ಜು ರಿಪೇರಿಯ ಅಂಗಡಿ. ಬಾಗಿಲು ಕಳಚಿದ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ಯಂತ್ರದಣ್ಣ ಒಂದರ ಹಿಂದೆ ಕುಕ್ಕರುಗಾಲಲ್ಲಿ ಕೂತು ತಾಮ್ರದ ನಳಿಗೆಗೆ ಸೋಪಿನ ನೊರೆ ಬಳಿಯುತ್ತಿದ್ದ, ಗ್ಯಾಸು ಸೋರುವ ಕಡೆ ಗುಳ್ಳೆ ಏಳುತ್ತದೆ ಎಂದು.

"ಬಾ ತಂಗಿ," ಎಂದ, ನಿನ್ನೆ ತಾನೇ ನೋಡಿದವನ ಹಾಗೆ. ಸ್ಟೂಲು ಎಳೆದುಕೊಟ್ಟ.

ಕೂರಲಿಲ್ಲ ಅವಳು. ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ನೊರೆಯ ಮೇಲಿನ ಕಣ್ಣು ತೆಗೆಯದೆ ಕೇಳಿಸಿಕೊಂಡ.

"ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ಹಿಂದೆ ತುಂಬ ಇಳಿದಿದೆ ಅಂತ. ಫ್ಯಾನಿನ ಹಿಂದಿನ ಮುಚ್ಚಳ ತೆಗೆದು ಕೈ ಹಾಕಿ ನೋಡಿದ್ದೆ. ಹಣ್ಣು ಕೈ ಕೊರೀತಿತ್ತು."

"ನನಗೆ ಯಾಕೆ ಹೇಳ್ಲಿಲ್ಲ ಅಣ್ಣ?"

"ಹೇಳ್ದೆ. ಎರಡು ಸಲ ಹೇಳ್ದೆ. 'ಯಂತ್ರ ನಿಮ್ದು, ಹಣ್ಣು ನಂದು, ನೀವು ಸುಮ್ನೆ ಟೀ ಕುಡೀರಿ' ಅಂದೆ ನೀನು."

ಅವಳಿಗೆ ನೆನಪಾಯಿತು. ನಕ್ಕು ಹೇಳಿದ್ದಳು. ಅವನೂ ನಕ್ಕಿದ್ದ. ಈಗ ಸ್ಟೂಲಿನ ಮೇಲೆ ಕೂತಳು.

"ಧಣಿ ಎದುರಿಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿನ್ನ ಕೆಲ್ಸ ಹೋಗೋದು. ಕೋಣೆ ಹೋಗೋದು. ನನಗೇನು, ಮನೆ ಇದೆ, ಮನೆ ತುಂಬ ಜನ ಇದಾರೆ." ಅದರಲ್ಲಿ ಉಪಕಾರದ ಹಮ್ಮೇನೂ ಇರಲಿಲ್ಲ. "ಅಲ್ದೆ, ನೀನೇ ಹೇಳ್ತೀಯ ಅಂದ್ಕೊಂಡೆ."

ಅವನ ಹೆಂಡತಿ ಟೀ ತಂದಿಟ್ಟು, ಮೊಣಕಾಲು ಹಿಡಿದುಕೊಂಡು ಒಳಗೆ ಹೋದಳು. ಲೋಟ ಕೈಗೆ ಬಂದದ್ದೇ ತಡ, ಯಂತ್ರದಣ್ಣ ಈ ವರ್ಷ ಕ್ರೇಟು ಹೇಗೆ ಜೋಡಿಸಿದೆ ಎಂದು ಕೇಳಿದ. ಅವಳು ಫ್ರಿಜ್ಜಿನ ಬಾಗಿಲ ಮೇಲಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಇಲ್ಲಿ ಸಂದು, ಇಲ್ಲಿ ಓಣಿ. ಅವನು ಫ್ಯಾನಿನ ಮುಂದೆ ಒಂದು ಅಡ್ಡಪರದೆ ಕಟ್ಟಿದರೆ ಮೊದಲ ಸಾಲಿಗೆ ನೇರ ಗಾಳಿ ಹೊಡೆಯುವುದಿಲ್ಲ ಎಂದ. ಅದು ತನಗೆ ಹೊಳೆದೇ ಇರಲಿಲ್ಲ ಎಂದಳು. "ನಿನಗೆ ಹೇಗೆ ಹೊಳೆಯುತ್ತೆ, ಯಂತ್ರ ನಂದಲ್ವಾ," ಎಂದು ಅವನು ನಕ್ಕ, ಅವಳೂ ನಕ್ಕಳು. ಬಿಸಿನೀರು, ಮೆಟ್ಟಿಲು, ಹೊಸ ಆಪರೇಟರನ ಗುನುಗು, ಧಣಿಯ ಹಾರ್ನು. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. ಒಂದು ವರ್ಷದಲ್ಲಿ ಅವಳು ಅಷ್ಟು ಮಾತಾಡಿರಲಿಲ್ಲ.

"ಧಣಿ ಒಪ್ಪಿದಾರೆ," ಎಂದಳು. "ಬನ್ನಿ ಅಣ್ಣ. ಮುಂದಿನ ತಿಂಗಳೇ ಬನ್ನಿ."

ಅವನು ಕೈಯ ನೊರೆಯನ್ನು ಬಟ್ಟೆಗೆ ಒರೆಸಿಕೊಂಡ. "ಬರಲ್ಲ ತಂಗಿ."

"ನನ್ಮೇಲೆ ಕೋಪಾನಾ?"

"ಕೋಪ ಇದ್ದಿದ್ರೆ ಬಂದು ಜಗಳ ಆಡ್ತಿದ್ದೆ." ಬಟ್ಟೆಯನ್ನು ಫ್ರಿಜ್ಜಿನ ಮೇಲೆ ಹಾಕಿದ. "ಮೊದಮೊದಲು ದಿನಾ ಈ ರಸ್ತೆ ಕಡೆ ನೋಡ್ತಿದ್ದೆ. ಬಸ್ ನಿಂತ ಶಬ್ದ ಆದ್ರೆ ನೀನೇ ಬಂದೆ ಅನ್ಸೋದು. ನನ್ನವಳು ಆಡ್ಕೊಂಡು ನಗೋಳು. ತಪ್ಪಾಯ್ತು ಅನ್ನೋಕೆ ಬರ್ಲಿ ಅಂತಲ್ಲ. ನಾನೇ ತಪ್ಪು ಮಾಡಿದೀನಿ ಅಂತ ನೀನು ಅಂದ್ಕೊಂಡಿದ್ರೂ ಆಗ್ತಿತ್ತು. ಇವನು ಹೇಗಿದಾನೆ ಅಂತ ಒಂದ್ಸಲ ನೋಡ್ಕೊಂಡು ಹೋಗ್ಬಹುದಿತ್ತು."

ಹಣ್ಣಿನ ತಪ್ಪಿಗೆ ಅವಳ ಬಳಿ ಎಂಟು ತಂತಿಯ ಪುರಾವೆ ಇತ್ತು, ಕಾರಣವಿತ್ತು. ಇದಕ್ಕೆ ಏನೂ ಇರಲಿಲ್ಲ. ಹನ್ನೆರಡು ನಿಲ್ದಾಣ, ಇಪ್ಪತ್ತೈದು ನಿಮಿಷದ ದಾರಿ. ವರ್ಷವಿಡೀ ಒಬ್ಬಳೇ ಕೂತು ತನಗೆ ಯಾರೂ ಇಲ್ಲ ಎಂದುಕೊಂಡಿದ್ದಳು, ಇಲ್ಲೊಬ್ಬ ರಸ್ತೆ ನೋಡುತ್ತ ಕೂತಿದ್ದ.

"ಆಮೇಲೆ?" ಎಂದಳು.

"ಆಮೇಲೆ ನೋಡೋದು ಬಿಟ್ಟೆ. ಅಷ್ಟೇ ತಂಗಿ. ಬಿಟ್ಟ ಮೇಲೆ ಹಗುರಾಯ್ತು. ಅದನ್ನ ಮತ್ತೆ ಹೊತ್ಕೊಳ್ಳೋಕೆ ನನ್ನಿಂದ ಆಗಲ್ಲ."

ಅಷ್ಟರಲ್ಲಿ ಯಾರೋ ಗಾಡಿಯಲ್ಲಿ ಫ್ರಿಜ್ಜು ತಂದು ನಿಲ್ಲಿಸಿದರು. ಅವನು ಎದ್ದು, "ಹುಷಾರಾಗಿ ಹೋಗ್ಬಾ," ಎಂದು ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಇಳಿಸಲು ಹೋದ. ಅವಳು ಚೀಲ ತೆಗೆದುಕೊಂಡು ರಸ್ತೆ ದಾಟಿದಳು.

ಬಸ್ಸು ಬರುವುದಕ್ಕೆ ಇಪ್ಪತ್ತು ನಿಮಿಷವಾಯಿತು. ನಿಲ್ದಾಣದಿಂದ ಅಂಗಡಿ ನೇರವಾಗಿ ಕಾಣುತ್ತಿತ್ತು. ಅಷ್ಟು ಹೊತ್ತೂ ಅವಳು ಅತ್ತಲೇ ನೋಡುತ್ತ ನಿಂತಿದ್ದಳು. ಬಗ್ಗಿ ಕೆಲಸ ಮಾಡುತ್ತಿದ್ದ ಅವನು ಒಂದು ಸಲವೂ ರಸ್ತೆಯ ಕಡೆ ತಲೆ ಎತ್ತಲಿಲ್ಲ.